ಮೂಳೆಗೆ ಸಂದ ಮರ್ಯಾದೆ: ಅನಾನ್ಯಿ ಕೆಥೆಡ್ರಲ್ಲಿನ ನೆಲಮಾಳಿಗೆ



1231ರ ಏಪ್ರಿಲ್ ತಿಂಗಳು. ಇಟಲಿಯ ಅನಾನ್ಯಿ ಎಂಬ ಬೆಟ್ಟದೂರಿನ ಕೆಥೆಡ್ರಲ್. ಅದರ ನೆಲಮಾಳಿಗೆಯಲ್ಲಿದ್ದ ಹಳೆಯ ಬಲಿಪೀಠವನ್ನು ರೋಮ್ ನಗರದ ಕಾಸ್ಮ ಎಂಬ ಕಲ್ಲುಕೆಲಸದ ಯಜಮಾನ ಕದಲಿಸಿದ. ಅಡಿಯಲ್ಲಿ ಒರಟಾಗಿ ಕಡೆದ ಅಮೃತಶಿಲೆಯ ತೊಟ್ಟಿಯೊಂದಿತ್ತು. ತೊಟ್ಟಿಯೊಳಗೆ ಒಬ್ಬ ಮನುಷ್ಯನ ದೇಹ. ಅದು ಊರಿನ ಪಾಲಕ ಸಂತ ಮ್ಯಾಗ್ನಸ್‌ನದು ಎಂದು ಎಲ್ಲರೂ ತಿಳಿದರು. ಮೇ ಒಂದನೆಯ ತಾರೀಕು ಅದನ್ನು ಹೊರತಂದು ಊರಿನ ಸಮಸ್ತರಿಗೂ ತೋರಿಸಿದರು. ಅದೇ ದಿನ ಸ್ತೋತ್ರ ಹಾಡುತ್ತ, ಅದೇ ತೊಟ್ಟಿಯಲ್ಲಿಟ್ಟು, ಹೊಸದಾಗಿ ಕಟ್ಟಿದ ಬಲಿಪೀಠದ ಕೆಳಗೆ ಮತ್ತೆ ಇರಿಸಿದರು. ಇದನ್ನೆಲ್ಲ ನಮಗೆ ಹೇಳುವುದು ಅಲ್ಲಿನ ಒಂದು ಲ್ಯಾಟಿನ್ ಶಾಸನ. ಆಗ ಪೋಪ್ ಆಗಿದ್ದ ಒಂಬತ್ತನೇ ಗ್ರೆಗರಿಯ ಆಳ್ವಿಕೆಯ ಐದನೆಯ ವರ್ಷ ಅದರಲ್ಲಿದೆ, ಬಿಷಪ್ ಆಲ್ಬರ್ಟನ ಹೆಸರಿದೆ. ಬಲಿಪೀಠವನ್ನು ಯಾರ ಕೈಯಿಂದ ಕದಲಿಸಲಾಯಿತು ಎಂಬುದೂ ಇದೆ. ಅರಸನ ಜೊತೆಗೆ ರೂವಾರಿಯ ಹೆಸರನ್ನೂ ಹುಡುಕುವ ಶಾಸನಪ್ರಿಯರು ಈ ಸಭೆಯಲ್ಲಿ ಹಲವರಿದ್ದೀರಿ. ಪೋಪ್ ಮತ್ತು ಬಿಷಪ್ಪರ ಸಾಲಿನಲ್ಲೇ ಕಲ್ಲುಕುಟಿಗನೂ ನಿಂತಿರುವ ಈ ಬರಹ ನಿಮಗೆ ಪ್ರಿಯವಾದೀತು.

ಆ ನೆಲಮಾಳಿಗೆಯನ್ನು ಕುರಿತು ಇಂದು ಮಾತನಾಡಬೇಕೆಂದಿದ್ದೇನೆ. ಅದರ ಗೋಡೆ ಮತ್ತು ಕಮಾನುಗಳ ತುಂಬ ಸುಮಾರು 540 ಚದರ ಮೀಟರಿನಷ್ಟು ಚಿತ್ರಗಳಿವೆ. 1231ರ ಆಸುಪಾಸಿನಿಂದ ಮುಂದಿನ ಎರಡು ದಶಕಗಳಲ್ಲಿ ಬರೆದವು. ಮಧ್ಯಯುಗದ ಸಿಸ್ಟೀನ್ ಚಾಪೆಲ್ ಎಂದು ಪ್ರವಾಸಿ ಪುಸ್ತಕಗಳು ಹೊಗಳುತ್ತವೆ. ಆ ಹೊಗಳಿಕೆ ನನಗೆ ಸಮ್ಮತವಿಲ್ಲ. ಸಿಸ್ಟೀನ್ ಚಾಪೆಲ್ಲಿನಲ್ಲಿ ಕತ್ತೆತ್ತಿ ದೂರದ್ದನ್ನು ನೋಡಬೇಕು. ಅನಾನ್ಯಿಯಲ್ಲಿ ಚಿತ್ರ ನಮ್ಮ ಮುಖದ ಎದುರಿಗೇ ಇರುತ್ತದೆ, ಕುಂಚದ ಎಳೆ ಎಣಿಸುವಷ್ಟು ಹತ್ತಿರ. ಅಷ್ಟು ಹತ್ತಿರದಿಂದ ಅದು ಹೇಳುವ ಮಾತೂ ಬೇರೆಯೇ. ನೆಲಮಾಳಿಗೆ, ಮೂಳೆ, ಸಂತರ ಗೋರಿ ಎಂದೊಡನೆ ಇದು ಸಾವಿನ ಜಾಗ ಎಂದುಕೊಳ್ಳುತ್ತೇವೆ. ನನಗೆ ಹಾಗೆ ಕಾಣಲಿಲ್ಲ. ಮನುಷ್ಯದೇಹಕ್ಕೆ ಎಷ್ಟು ಬೆಲೆಯಿದೆ ಎಂಬ ವಾದವನ್ನು ಒಂದು ಕೋಣೆಯ ತುಂಬ ಬಣ್ಣದಲ್ಲಿ ಬರೆದಿಟ್ಟಿದ್ದಾರೆ ಎಂದೇ ಅನಿಸಿತು. ಹಾಗೆ ಅನಿಸಿದ್ದು ಯಾಕೆ ಎಂಬುದನ್ನು ಬಿಡಿಸಿ ಹೇಳಲು ಯತ್ನಿಸುತ್ತೇನೆ.

ಮೊದಲು, ದೇವಾಲಯದ ಕೆಳಗೆ ಹೆಣ ಯಾಕೆ ಎಂಬ ಪ್ರಶ್ನೆ. ಹಳೆಯ ರೋಮಿನ ಕಾನೂನಿನಲ್ಲಿ ಊರೊಳಗೆ ಶವಸಂಸ್ಕಾರ ನಿಷಿದ್ಧ. ಸತ್ತವರೆಲ್ಲ ಊರ ಹೊರಗಿನ ರಸ್ತೆಗಳ ಬದಿಗೆ ಹೋಗಬೇಕು. ನಂಬಿಕೆಗಾಗಿ ಕೊಲೆಯಾದ ಕ್ರೈಸ್ತರೂ ಅಲ್ಲಿಯೇ ಮಣ್ಣಾದರು. ನಾಲ್ಕನೆಯ ಶತಮಾನದಲ್ಲಿ ಕಿರುಕುಳ ನಿಂತ ಮೇಲೆ ಆ ಗೋರಿಗಳ ಮೇಲೇ ಗುಡಿಗಳೆದ್ದವು. 386ರಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗೆರ್ವಾಸಿಯಸ್, ಪ್ರೊಟಾಸಿಯಸ್ ಎಂಬಿಬ್ಬರು ಹುತಾತ್ಮರ ಅವಶೇಷಗಳನ್ನು ಅಗೆದು ತೆಗೆಸಿ, ತಾವು ಕಟ್ಟಿಸಿದ್ದ ಗುಡಿಯ ಬಲಿಪೀಠದ ಅಡಿಯಲ್ಲಿಡಿಸಿದರು. ಇನ್ನೂರು ವರ್ಷಗಳ ನಂತರ, 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗರಿ ರೋಮಿನ ಸಂತ ಪೇತ್ರನ ಗುಡಿಯಲ್ಲಿ ಬಲಿಪೀಠದ ನೆಲವನ್ನೇ ಎತ್ತರಿಸಿದರು. ಗೋರಿಯ ನೇರ ಮೇಲೆ ಪೂಜೆ, ಕೆಳಗೆ ಯಾತ್ರಿಕರು ಬಾಗಿ ಸುತ್ತಿ ಬರಲು ಅರ್ಧವೃತ್ತದ ಓಣಿ. ಆ ಓಣಿಯೇ ಬೆಳೆಯುತ್ತ ಬೆಳೆಯುತ್ತ ಹನ್ನೊಂದನೆಯ ಶತಮಾನದ ಹೊತ್ತಿಗೆ ಕಂಬಗಳ ವಿಶಾಲ ಮಂಟಪವಾಯಿತು. ಉತ್ತರ ಕರ್ನಾಟಕದ ಮಠಗಳ ಗದ್ದುಗೆಯ ಮುಂದೆ ಕೂತು ಎದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಹಾತ್ಮನೊಬ್ಬನ ದೇಹವಿರುವ ನೆಲಕ್ಕೆ ಬೇರೆಯದೇ ತೂಕವಿರುತ್ತದೆ ಎಂಬ ಅನುಭವ ಅವರಿಗಿದೆ.

ಅನಾನ್ಯಿ ರೋಮಿನಿಂದ ಆಗ್ನೇಯಕ್ಕೆ ಸುಮಾರು 60 ಕಿಲೋಮೀಟರ್. ರೈಲು ಸಾಕ್ಕೊ ನದಿಯ ಕಣಿವೆಯಲ್ಲಿ ಇಳಿಸಿಬಿಡುತ್ತದೆ, ಊರು ಮಾತ್ರ ಮೇಲೆ ಬೆಟ್ಟದ ಬೆನ್ನಿನ ಮೇಲಿದೆ. ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ಪೋಪರುಗಳು ರೋಮಿನ ಬೇಸಿಗೆ ಮತ್ತು ರೋಮಿನ ಗಲಭೆ ಎರಡರಿಂದಲೂ ತಪ್ಪಿಸಿಕೊಳ್ಳಲು ಇಲ್ಲಿಗೆ ಬರುತ್ತಿದ್ದರು. ಮೂರನೇ ಇನ್ನೊಸೆಂಟ್, ಒಂಬತ್ತನೇ ಗ್ರೆಗರಿ, ನಾಲ್ಕನೇ ಅಲೆಕ್ಸಾಂಡರ್, ಎಂಟನೇ ಬೊನಿಫೇಸ್ ಈ ನಾಲ್ವರನ್ನೂ ಊರು ತನ್ನವರೆಂದು ಹೇಳಿಕೊಳ್ಳುತ್ತದೆ. ಕೆಂಪುಗಡ್ಡದ ಚಕ್ರವರ್ತಿ ಫ್ರೆಡರಿಕ್‌ಗೆ 1160ರಲ್ಲಿ ಬಹಿಷ್ಕಾರ ಹಾಕಿದ್ದು ಇದೇ ಕೆಥೆಡ್ರಲ್ಲಿನಲ್ಲಿ. ಅಸ್ಸಿಸಿಯ ಕ್ಲಾರಾಳನ್ನು 1255ರಲ್ಲಿ ಸಂತಳೆಂದು ಸಾರಿದ್ದು ಈ ಊರಿನಲ್ಲಿ. 1303ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ದೊರೆಯ ಕಡೆಯವರು ಬೊನಿಫೇಸರ ಅರಮನೆಗೆ ನುಗ್ಗಿ ಅವರನ್ನು ಸೆರೆಹಿಡಿದ ಘಟನೆ ‘ಅನಾನ್ಯಿಯ ಕಪಾಳಮೋಕ್ಷ’ವೆಂದು ಚರಿತ್ರೆಯಲ್ಲಿ ಉಳಿದಿದೆ. ಪ್ರವಾಸಿಗಳು ಹೆಚ್ಚಾಗಿ ಆ ಕಪಾಳಮೋಕ್ಷದ ಕತೆಗಾಗಿಯೇ ಬರುತ್ತಾರೆ. ಇವತ್ತು ಅದು ನಮಗೆ ಬೇಡ.

ಕೆಥೆಡ್ರಲ್ ಕಟ್ಟಿಸಿದ್ದು ಬಿಷಪ್ ಪಿಯೆತ್ರೊ, 1072ರಿಂದ 1104ರವರೆಗೆ. ಸಲೆರ್ನೊ ಪಟ್ಟಣದವರು. ಪೋಪರ ದೂತರಾಗಿ ಕಾನ್‌ಸ್ಟಾಂಟಿನೋಪಲ್ಲಿಗೆ ಹೋಗಿದ್ದಾಗ ಚಕ್ರವರ್ತಿ ಏಳನೇ ಮಿಖಾಯೇಲನ ಕಾಯಿಲೆ ವಾಸಿಮಾಡಿದರೆಂದೂ, ಆ ಕೃತಜ್ಞತೆಗೆ ಚಕ್ರವರ್ತಿ ಕಟ್ಟಡಕ್ಕೆ ಹಣ ಕೊಟ್ಟನೆಂದೂ ಪರಂಪರೆ ಹೇಳುತ್ತದೆ. ಸಲೆರ್ನೊ ಎಂಬ ಹೆಸರನ್ನು ದಯಮಾಡಿ ನೆನಪಿಟ್ಟುಕೊಳ್ಳಿ. ಆ ಕಾಲದ ಯುರೋಪಿನಲ್ಲಿ ವೈದ್ಯಶಾಸ್ತ್ರ ಕಲಿಯಬೇಕೆಂದವನು ಹೋಗುತ್ತಿದ್ದದ್ದು ಅಲ್ಲಿಗೆ.

ಮೆಟ್ಟಿಲಿಳಿದು ಒಳಗೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಎರಡು ಸಾಲಾಗಿ ಹನ್ನೆರಡು ಗಿಡ್ಡ ಕಂಬಗಳು. ಅವು ಕೋಣೆಯನ್ನು ಇಪ್ಪತ್ತೊಂದು ಚಿಕ್ಕ ಅಂಕಣಗಳಾಗಿ ಹಂಚಿವೆ. ಪ್ರತಿ ಅಂಕಣಕ್ಕೂ ತನ್ನದೇ ಕಮಾನು ಛಾವಣಿ, ಪ್ರತಿ ಛಾವಣಿಗೂ ತನ್ನದೇ ಕತೆ. ಖಾಲಿ ಬಿಟ್ಟ ಜಾಗವೆಂಬುದೇ ಇಲ್ಲ. ಕತೆ ಮುಗಿದಲ್ಲಿ ಬಳ್ಳಿ, ಬಳ್ಳಿ ಮುಗಿದಲ್ಲಿ ಅಂಚುಪಟ್ಟಿ. ನಾನು ಮೊದಲು ನೋಡಿದ್ದು ನೆಲವನ್ನು. ಅದು ಕಾಸ್ಮ, ಅವನ ಮಕ್ಕಳಾದ ಲೂಕ ಮತ್ತು ಯಾಕೋಬ ಸೇರಿ ಹಾಸಿದ ನೆಲ. ಕೆನ್ನೀಲಿಗೆ ತಿರುಗುವ ಕೆಂಪು ಕಲ್ಲಿನ ದುಂಡು ಬಿಲ್ಲೆಗಳು, ಅವುಗಳ ಸುತ್ತ ಹಾವಿನಂತೆ ಹೆಣೆದುಕೊಂಡ ಬಿಳಿ ಪಟ್ಟಿಗಳು, ಪಟ್ಟಿಗಳ ನಡುವೆ ಉಗುರಿನಷ್ಟೇ ದೊಡ್ಡ ಹಸಿರು ತ್ರಿಕೋನಗಳು. ಕೆಂಪು ಕಲ್ಲು ಈಜಿಪ್ಟಿನ ಪೂರ್ವ ಮರುಭೂಮಿಯದು, ಹಸಿರು ಗ್ರೀಸಿನ ಸ್ಪಾರ್ಟಾ ಸೀಮೆಯದು. ಕಾಸ್ಮನ ಕಾಲಕ್ಕೆ ಆ ಗಣಿಗಳು ನಿಂತು ಶತಮಾನಗಳೇ ಕಳೆದಿದ್ದವು. ಹಾಗಾಗಿ ಈ ಕುಶಲಕರ್ಮಿಗಳು ಪಾಳುಬಿದ್ದ ರೋಮಿನ ಕಂಬಗಳನ್ನು ಅಡ್ಡಲಾಗಿ ಗರಗಸದಿಂದ ಕೊಯ್ದು ಬಿಲ್ಲೆ ಮಾಡಿಕೊಳ್ಳುತ್ತಿದ್ದರು. ಚಕ್ರವರ್ತಿಗಳ ಸಭಾಂಗಣ ಹೊತ್ತು ನಿಂತಿದ್ದ ಕಲ್ಲು ಈಗ ಯಾತ್ರಿಕನ ಕಾಲಡಿಯಲ್ಲಿದೆ.

ನೆಲದಿಂದ ಕಣ್ಣೆತ್ತಿ ಗೋಡೆ ನೋಡಿದಾಗ ನಾನು ನಿಂತುಬಿಟ್ಟೆ. ಸಂತನ ಗೋರಿಯಿರುವ ಜಾಗದಲ್ಲಿ, ಪೋಪರ ಊರಿನಲ್ಲಿ, ಇಬ್ಬರು ವೈದ್ಯರು ಕೂತಿದ್ದಾರೆ. ಹಿಪೊಕ್ರಟಿಸ್ ಮತ್ತು ಗ್ಯಾಲೆನ್. ಇಬ್ಬರೂ ಕ್ರೈಸ್ತರಲ್ಲ. ಒಬ್ಬ ಕ್ರಿಸ್ತನಿಗಿಂತ ನಾನೂರು ವರ್ಷ ಹಿಂದಿನವನು, ಇನ್ನೊಬ್ಬ ಎರಡನೆಯ ಶತಮಾನದವನು. ಚಿತ್ರಕಾರ ಆ ಅಂತರವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಎದುರುಬದುರು ಆಸನ ಹಾಕಿ, ಪುಸ್ತಕ ಕೊಟ್ಟು, ಗುರುಶಿಷ್ಯರ ಸಂಭಾಷಣೆಗೆ ಕೂರಿಸಿದ್ದಾನೆ. ಬಟ್ಟೆಯ ಮಡಿಕೆಗಳು ಮೊಣಕಾಲ ಮೇಲೆ ಹೇಗೆ ಬಿಗಿದು ಕೆಳಗೆ ಹೇಗೆ ಸಡಿಲವಾಗಿ ಇಳಿಯುತ್ತವೆ ನೋಡಬೇಕು. ಓದುವವನ ಬೆನ್ನು ಬಾಗಿರುವ ರೀತಿ ನೋಡಬೇಕು. ಇವರ ತಲೆಯ ಸುತ್ತ ಸಂತರ ಪ್ರಭೆಯಿಲ್ಲ, ಆದರೂ ಮರ್ಯಾದೆಯಲ್ಲಿ ಕೊರತೆ ಮಾಡಿಲ್ಲ. ಈ ಜಗತ್ತಿನ ಸರಣಿಯೆಲ್ಲ ಭೂತಗಳಿಂದ ಆಗಿದೆ ಎಂಬ ಅರ್ಥದ ಲ್ಯಾಟಿನ್ ಬರಹ ಅವರ ಜೊತೆಗಿದೆ.

ಹತ್ತಿರದಲ್ಲೇ ಆ ಭೂತಗಳ ನಕ್ಷೆಯೂ ಉಂಟು. ಬೆಂಕಿ, ಗಾಳಿ, ನೀರು, ಮಣ್ಣು. ಪ್ಲೇಟೊನ ‘ಟಿಮೇಯಸ್’ ಗ್ರಂಥದಿಂದ ಬಂದ ವಿಚಾರ. ನಾಲ್ಕನೆಯ ಶತಮಾನದ ಕಾಲ್ಕಿಡಿಯಸ್‌ನ ಲ್ಯಾಟಿನ್ ಅನುವಾದದಿಂದ ಮಧ್ಯಯುಗದ ವಿದ್ವಾಂಸರಿಗೆ ಅದು ಗೊತ್ತಿತ್ತು. ಇದರ ಹಿಂದಿನ ಲೆಕ್ಕ ತುಂಬ ಸೊಗಸಾದುದು. ಬೆಂಕಿಗೆ ಎರಡರ ಘನ, ಅಂದರೆ 8. ಮಣ್ಣಿಗೆ ಮೂರರ ಘನ, 27. ಇವೆರಡು ತಾವಾಗಿ ಕೂಡುವುದಿಲ್ಲ. ನಡುವೆ ಎರಡು ಬಾರಿ ಎರಡು, ಒಂದು ಬಾರಿ ಮೂರು ಗುಣಿಸಿ 12 ಆಗುವ ಗಾಳಿ. ಒಂದು ಬಾರಿ ಎರಡು, ಎರಡು ಬಾರಿ ಮೂರು ಗುಣಿಸಿ 18 ಆಗುವ ನೀರು. 8, 12, 18, 27 ಈ ಸರಣಿಯಲ್ಲಿ ಪ್ರತಿ ಸಂಖ್ಯೆಯೂ ಹಿಂದಿನದರ ಒಂದೂವರೆ ಪಟ್ಟು. ಪರಸ್ಪರ ಶತ್ರುಗಳಾದ ಬೆಂಕಿ ಮತ್ತು ಮಣ್ಣನ್ನು ಹೀಗೆ ಗಣಿತ ಒಂದು ಸರಪಳಿಯಲ್ಲಿ ಬಿಗಿದಿದೆ. ಜಗತ್ತು ಚೆದುರಿಹೋಗದೆ ನಿಂತಿರುವುದು ಈ ಪ್ರಮಾಣದಿಂದ ಎಂದು ಅವರ ನಂಬಿಕೆ.

ಮೇಲಿನ ಒಂದು ಛಾವಣಿಯಲ್ಲಿ ರಾಶಿಚಕ್ರವಿದೆ. ಇನ್ನೊಂದರಲ್ಲಿ ಒಂದರೊಳಗೊಂದು ವೃತ್ತಗಳು, ಎಲ್ಲಕ್ಕೂ ನಡುವೆ ಒಬ್ಬ ಬೆತ್ತಲೆ ಮನುಷ್ಯ. ಅವನೇ ಕಿರಿಯ ಜಗತ್ತು ಎಂಬ ಒಕ್ಕಣೆ. ಸುತ್ತ ಬಾಲ್ಯ, ಯೌವನ, ನಡುವಯಸ್ಸು, ಮುಪ್ಪು. ಆ ಇಬ್ಬರು ವೈದ್ಯರ ಶಾಸ್ತ್ರದ ಪ್ರಕಾರ ರಕ್ತ, ಹಳದಿ ಪಿತ್ತ, ಕಪ್ಪು ಪಿತ್ತ, ಕಫ ಎಂಬ ನಾಲ್ಕು ರಸಗಳು ದೇಹವನ್ನು ನಡೆಸುತ್ತವೆ. ನಾಲ್ಕು ಭೂತ, ನಾಲ್ಕು ಋತು, ನಾಲ್ಕು ವಯಸ್ಸು ಒಂದಕ್ಕೊಂದು ತಾಳೆಯಾಗುತ್ತವೆ. ಬ್ರಹ್ಮಾಂಡದಲ್ಲಿರುವುದೇ ಪಿಂಡಾಂಡದಲ್ಲಿದೆ ಎಂದು ಕೇಳುತ್ತ ಬೆಳೆದ ನಮಗೆ ಇದು ಕೂಡಲೇ ಆಪ್ತವೆನಿಸುತ್ತದೆ, ನಮ್ಮದೇ ಅಲ್ಲಿಗೆ ಹೋಯಿತೇನೋ ಎಂದು ಹೇಳಲು ಬಾಯಿ ಹಾತೊರೆಯುತ್ತದೆ. ಹಾಗೆ ಹೇಳಲು ನಾನು ಒಪ್ಪುವುದಿಲ್ಲ. ಆಯುರ್ವೇದದ್ದು ಮೂರು ದೋಷ, ಐದು ಭೂತ. ಇಲ್ಲಿಯದು ಬೇರೆ ಲೆಕ್ಕ, ಬೇರೆ ಬೇರು.

ನಮ್ಮೊಂದಿಗೆ ಇದಕ್ಕೆ ನಿಜವಾದ ನಂಟೊಂದಿದೆ, ಅದು ಇನ್ನೊಂದು ದಾರಿಯಲ್ಲಿ ಬಂದದ್ದು. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವಿದ್ವಾಂಸ ಗ್ಯಾಲೆನ್‌ನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿ ಭಾಷೆಗಳಿಗೆ ತಂದ. ಆ ಅರಬ್ಬಿ ವೈದ್ಯ ಎರಡು ದಿಕ್ಕಿಗೆ ಹರಿಯಿತು. ಹನ್ನೊಂದನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದಿಂದ ಬಂದ ಕಾನ್‌ಸ್ಟಂಟೈನ್ ಎಂಬ ಸನ್ಯಾಸಿ ಮೊಂತೆ ಕಸೀನೊ ಮಠದಲ್ಲಿ ಕೂತು ಅದನ್ನು ಲ್ಯಾಟಿನ್ನಿಗೆ ತಿರುಗಿಸಿದ, ಸಲೆರ್ನೊದ ವೈದ್ಯರು ಅದನ್ನು ಪಾಠವಾಗಿ ಹೇಳಿದರು. ಕೆಥೆಡ್ರಲ್ ಕಟ್ಟಿಸಿದ ಬಿಷಪ್ಪನ ಊರು ಸಲೆರ್ನೊ ಎಂದೆನಲ್ಲ, ಅವನ ಜೀವಿತಕಾಲದಲ್ಲೇ ಇದು ನಡೆಯಿತು. ಇನ್ನೊಂದು ಕವಲು ಪರ್ಷಿಯಾ ದಾಟಿ ದೆಹಲಿಗೆ, ದಖ್ಖನಿಗೆ ಬಂತು. ಬೀದರಿನಲ್ಲೋ ಕಲಬುರಗಿಯಲ್ಲೋ ಹಕೀಮರೊಬ್ಬರು ನಾಡಿ ಹಿಡಿದು ದಮ್, ಬಲ್ಗಮ್, ಸಫ್ರಾ, ಸೌದಾ ಎಂದು ವಿಚಾರಿಸಿದರೆ ಅದು ಈ ಗೋಡೆಯ ಮೇಲಿನ ನಾಲ್ಕು ರಸಗಳೇ. ಅವರು ಬುಕ್ರಾತ್ ಎನ್ನುವುದು ಹಿಪೊಕ್ರಟಿಸ್‌ನನ್ನು, ಜಾಲಿನೂಸ್ ಎನ್ನುವುದು ಗ್ಯಾಲೆನ್‌ನನ್ನು. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ ಇಂದು ಓದುತ್ತಿರುವ ವಿದ್ಯಾರ್ಥಿಗೆ ಅನಾನ್ಯಿಯ ಈ ಇಬ್ಬರೂ ಪರಿಚಿತರು. ಬಾಗ್ದಾದಿನ ಒಬ್ಬ ಅನುವಾದಕನ ದುಡಿಮೆ ಇಟಲಿಯ ಗುಡಿಗೂ ಬೆಂಗಳೂರಿನ ತರಗತಿಗೂ ತಲುಪಿದೆ ಎಂಬುದನ್ನು ಆ ಗೋಡೆಯೆದುರು ನಿಂತು ಯೋಚಿಸಿದಾಗ ನನಗಾದ ಸಂತೋಷ ದೊಡ್ಡದು.

ಇನ್ನು ಕತೆಗಳಿಗೆ ಬರುತ್ತೇನೆ. ಅನೇಕ ಛಾವಣಿಗಳಲ್ಲಿ ಬೈಬಲ್ಲಿನ ಸಮುವೇಲನ ಗ್ರಂಥದ ಪ್ರಸಂಗಗಳಿವೆ. ಇಸ್ರಾಯೇಲರು ಯುದ್ಧದಲ್ಲಿ ಸೋತರು, ಅವರ ಪವಿತ್ರ ಒಡಂಬಡಿಕೆಯ ಮಂಜೂಷ ಫಿಲಿಷ್ಟಿಯರ ಕೈಸೇರಿತು. ಅವರು ಅದನ್ನು ತಮ್ಮ ದೇವರಾದ ದಾಗೋನನ ಗುಡಿಯಲ್ಲಿಟ್ಟರು. ಬೆಳಗಾಗುವಷ್ಟರಲ್ಲಿ ದಾಗೋನನ ಮೂರ್ತಿ ಮುಖ ಕೆಳಗಾಗಿ ಬಿದ್ದಿತ್ತು. ಊರಿಗೆ ಬೇನೆ ಹರಡಿತು. ಕಡೆಗೆ ಇದರ ಸಹವಾಸವೇ ಬೇಡವೆಂದು ಹೊಸ ಬಂಡಿಯ ಮೇಲೇರಿಸಿ, ಆಗತಾನೆ ಕರು ಹಾಕಿದ್ದ ಎರಡು ಹಸುಗಳನ್ನು ಕಟ್ಟಿ ಹೊಡೆದರು. ಕರುಗಳನ್ನು ಕೊಟ್ಟಿಗೆಯಲ್ಲೇ ಕೂಡಿಹಾಕಿದ್ದರು. ತಾಯಿಹಸು ಕರುವಿನ ಕಡೆ ತಿರುಗಿದರೆ ಇದೆಲ್ಲ ಆಕಸ್ಮಿಕ, ತಿರುಗದೆ ಮುಂದೆ ಹೋದರೆ ದೈವದ ಕೈವಾಡ ಎಂಬುದು ಅವರ ಪರೀಕ್ಷೆ. ಹಸುಗಳು ಅಂಬಾ ಎಂದು ಕೂಗುತ್ತಲೇ, ಎಡಕ್ಕೂ ಬಲಕ್ಕೂ ಹೊರಳದೆ, ಬೇತ್ಷೆಮೆಷಿನ ದಾರಿ ಹಿಡಿದವು. ದನ ಕಟ್ಟಿದ ಮನೆಯವರಿಗೆ ಆ ಕೂಗಿನ ಸಂಕಟ ಗೊತ್ತು. ಈ ಬಂಡಿಯ ಚಿತ್ರ ಇಲ್ಲಿಯದರಲ್ಲೆಲ್ಲ ನನಗೆ ಬಹಳ ಪ್ರಿಯವಾದದ್ದು.

ಸಂತನ ಗೋರಿಯ ಕೋಣೆಗೆ ಈ ಯೆಹೂದಿ ಕತೆ ಯಾಕೆ ಬೇಕಿತ್ತು? ಉತ್ತರ ಅದೇ ಕೋಣೆಯ ಇನ್ನೊಂದು ಚಿತ್ರಮಾಲೆಯಲ್ಲಿದೆ. ಮ್ಯಾಗ್ನಸ್ ದಕ್ಷಿಣದ ತ್ರಾನಿ ಊರಿನ ಬಿಷಪ್ಪನೆಂದೂ, ಮೂರನೆಯ ಶತಮಾನದಲ್ಲಿ ಡೇಸಿಯಸ್ ಚಕ್ರವರ್ತಿಯ ಕಾಲದಲ್ಲಿ ಹತನಾದನೆಂದೂ ಐತಿಹ್ಯ. ಅವನ ದೇಹ ವೆರೊಲಿ ಪಟ್ಟಣದ ಗುಡಿಯಲ್ಲಿತ್ತು. ಮೂಕ ಎಂಬ ಸಾರಸೆನ್ (ಅರಬ್ ಮುಸ್ಲಿಂ) ನಾಯಕ ಆ ಊರು ಹಿಡಿದು ಗುಡಿಯಲ್ಲಿ ಕುದುರೆ ಕಟ್ಟಿದ. ಕುದುರೆಗಳು ಸತ್ತುಬಿದ್ದವು. ಅಂಜಿದ ಮೂಕ ಅನಾನ್ಯಿಯವರಿಂದ ಹಣ ಪಡೆದು ದೇಹವನ್ನು ಒಪ್ಪಿಸಿದ. ಜನ ಅದನ್ನು ಮೆರವಣಿಗೆಯಲ್ಲಿ ಊರಿಗೆ ತಂದರು. ಈಗ ಎರಡೂ ಕತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪವಿತ್ರವಾದದ್ದು ಪರರ ವಶವಾಗುತ್ತದೆ, ವಶಪಡಿಸಿಕೊಂಡವರಿಗೆ ಕೇಡಾಗುತ್ತದೆ, ಅವರೇ ಅದನ್ನು ಹಿಂದಿರುಗಿಸುತ್ತಾರೆ. ಮಂಜೂಷದಲ್ಲಿದ್ದದ್ದು ದೇವರ ಆಜ್ಞೆಯ ಕಲ್ಲುಹಲಗೆಗಳು. ತೊಟ್ಟಿಯಲ್ಲಿರುವುದು ಒಬ್ಬ ಮನುಷ್ಯನ ಮೂಳೆ. ಎರಡಕ್ಕೂ ಒಂದೇ ಸ್ಥಾನ ಎಂದು ಚಿತ್ರ ಹೇಳುತ್ತಿದೆ. ವೈದ್ಯರ ಗೋಡೆಯಲ್ಲಿ ಶುರುವಾದ ವಾದ ಇಲ್ಲಿ ಬಿಗಿಯಾಗುತ್ತದೆ. ದೇಹ ಜಗತ್ತನ್ನೇ ತನ್ನೊಳಗೆ ಹೊತ್ತಿರುವುದಾದರೆ ಅದರ ಒಂದು ಚೂರು ಮೂಳೆಯೂ ಕಸವಲ್ಲ.

ಬಲಿಪೀಠದ ಬಳಿಗೆ ಹೋದರೆ ಚಿತ್ರಗಳೆಲ್ಲ ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯವು. ಏಳು ದೀಪಸ್ತಂಭಗಳ ನಡುವೆ ಬಿಳಿಗೂದಲಿನ ಕ್ರಿಸ್ತ, ಬಾಯಿಂದ ಹೊರಟ ಇಬ್ಬಾಯಿಯ ಕತ್ತಿ. ಕುರಿಮರಿಯನ್ನು ಆರಾಧಿಸುವ ಇಪ್ಪತ್ತನಾಲ್ಕು ಹಿರಿಯರು. ನಾಲ್ವರು ಕುದುರೆ ಸವಾರರು. ನಾನು ಹುಡುಕಿಕೊಂಡು ಹೋದದ್ದು ಐದನೆಯ ಮುದ್ರೆ ಒಡೆಯುವ ಪ್ರಸಂಗವನ್ನು. ಕೊಲೆಯಾದವರ ಆತ್ಮಗಳು ಬಲಿಪೀಠದ ಕೆಳಗೆ ಕೂಡಿ, ನಮಗೆ ನ್ಯಾಯ ಯಾವಾಗ ಎಂದು ಕೇಳುತ್ತವೆ. ಅವಕ್ಕೆ ಬಿಳಿ ಅಂಗಿ ಕೊಟ್ಟು ಇನ್ನೂ ಸ್ವಲ್ಪ ಕಾಲ ತಾಳಿ ಎನ್ನಲಾಗುತ್ತದೆ. ಹುತಾತ್ಮರನ್ನು ಬಲಿಪೀಠದಡಿ ಇಡುವ ಇಡೀ ಪದ್ಧತಿಗೆ ಆಧಾರವಾದ ಮಾತು ಇದೇ. ಚಿತ್ರದ ಬಲಿಪೀಠದ ಕೆಳಗೆ ಆತ್ಮಗಳು, ಚಿತ್ರದ ಸಮೀಪದ ಕಲ್ಲಿನ ಬಲಿಪೀಠದ ಕೆಳಗೆ ಮ್ಯಾಗ್ನಸ್. ಲೋಕ ಮುಗಿಯುವ ದಿನ ಆತ್ಮ ಮಾತ್ರವಲ್ಲ, ಈ ತೊಟ್ಟಿಯ ದೇಹವೂ ಏಳುತ್ತದೆ ಎಂಬ ನಿರೀಕ್ಷೆಯಿಂದಲೇ ಈ ಕೋಣೆ ಕಟ್ಟಲ್ಪಟ್ಟದ್ದು.

ಈ ವಾದಕ್ಕೆ ಆ ಕಾಲದಲ್ಲಿ ಎದುರಾಳಿಗಳಿದ್ದರು. ದಕ್ಷಿಣ ಫ್ರಾನ್ಸ್ ಮತ್ತು ಇಟಲಿಯಲ್ಲಿ ಹರಡಿದ್ದ ಕಥಾರರು, ಕಣ್ಣಿಗೆ ಕಾಣುವ ಜಗತ್ತು, ಈ ರಕ್ತಮಾಂಸ, ಎಲ್ಲವೂ ಕೆಟ್ಟ ಶಕ್ತಿಯ ಸೃಷ್ಟಿ ಎಂದು ನಂಬಿದವರು. ಮಣ್ಣು ನೀರಿಗೂ ದೈವಿಕ ಗಣಿತವುಂಟು ಎನ್ನುವ ಅನಾನ್ಯಿಯ ಗೋಡೆ ಅವರಿಗೆ ಕೊಟ್ಟ ಉತ್ತರವೂ ಹೌದು ಎಂದು ನಾನು ಓದುತ್ತೇನೆ. ಆ ಉತ್ತರ ಬಣ್ಣದಲ್ಲಷ್ಟೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಕಾಸ್ಮ ತೊಟ್ಟಿ ತೆರೆದ ಅದೇ 1231ರಲ್ಲಿ ಗ್ರೆಗರಿ ಪೋಪ್ ಧರ್ಮವಿರೋಧಿಗಳ ವಿಚಾರಣೆಗೆ ಕಠಿಣ ಕಟ್ಟಳೆ ಹೊರಡಿಸಿದರು. ಅದೇ ಏಪ್ರಿಲಿನಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಸನದು ಕೊಟ್ಟು, ಅರಿಸ್ಟಾಟಲನ ಪ್ರಕೃತಿಗ್ರಂಥಗಳನ್ನು ಪರಿಶೀಲಿಸಿ ಶೋಧಿಸುವ ತನಕ ಪಾಠ ಮಾಡಕೂಡದೆಂದರು. ಸತ್ತ ಸಂತನ ಮೂಳೆಗೆ ಇಷ್ಟು ಮರ್ಯಾದೆ ಕೊಟ್ಟ ಅಧಿಕಾರ ಬದುಕಿದ್ದ ಭಿನ್ನಮತೀಯರ ದೇಹವನ್ನು ಬೆಂಕಿಗೆ ಒಪ್ಪಿಸಿತು. ಚಿತ್ರದ ಚೆಲುವಿಗೆ ಮನಸೋತ ನಾನು ಇದನ್ನು ಹೇಳದೆ ಮುಂದೆ ಹೋದರೆ ಚರಿತ್ರೆಗೆ ದ್ರೋಹವಾಗುತ್ತದೆ. ಈ ಗೋಡೆ ಹೇಳುವ ಮಾತನ್ನು ಬರೆಸಿದವರೇ ಪಾಲಿಸಲಿಲ್ಲ. ಆದರೆ ಅದನ್ನು ಬರೆದ ಕೈಗಳು ಬೇರೆ.

ಆ ಕೈಗಳ ಹೆಸರು ಉಳಿದಿಲ್ಲ. ಶೈಲಿ ನೋಡಿ ವಿದ್ವಾಂಸರು ಮೂರು ಗುಂಪು ಗುರುತಿಸಿದ್ದಾರೆ. ಮೂಳೆ ಸಾಗಿಸುವ ಕತೆಗಳನ್ನು ಬರೆದದ್ದರಿಂದ ಒಬ್ಬನಿಗೆ ಸ್ಥಳಾಂತರಗಳ ಯಜಮಾನ ಎನ್ನುತ್ತಾರೆ. ಇನ್ನೊಬ್ಬ ಅಲಂಕಾರದ ಯಜಮಾನ. ಮತ್ತೊಬ್ಬನಿಗೆ ‘ಅನಾನ್ಯಿಯ ಮೂರನೇ ಯಜಮಾನ’ ಎಂದಷ್ಟೇ ಹೆಸರು. ರೋಮಿನಲ್ಲಿ ಸಾಂತಿ ಕ್ವಾತ್ರೊ ಕೊರೊನಾತಿ ಮಠದ ಗೋಥಿಕ್ ಸಭಾಂಗಣದ ಚಿತ್ರಗಳು ಬೆಳಕಿಗೆ ಬಂದಾಗ, ಅಲ್ಲಿಯೂ ಇವನದೇ ಬಳಗ ದುಡಿದಿದೆಯೆಂದು ಅನೇಕರು ಕಂಡುಕೊಂಡರು. ಹಸಿ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕಾದ ಈ ಫ್ರೆಸ್ಕೊ ಕೆಲಸದಲ್ಲಿ ಅಳಿಸಿ ತಿದ್ದಲು ಅವಕಾಶ ಕಡಿಮೆ. ಇಟಲಿಯ ಆ ವಿದ್ಯೆಯನ್ನು ಕಣ್ಣಾರೆ ನೋಡಬೇಕೆನ್ನುವವರು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿಗೆ ಹೋಗಬಹುದು. ಬೆರ್ಗಾಮೊ ಸೀಮೆಯಿಂದ ಬಂದ ಜೆಸ್ವಿತ್ ಸಹೋದರ ಅಂತೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಗೋಡೆಗಳಿಗೆ ಬಣ್ಣ ತುಂಬಿದ್ದಾರೆ.

ಅನಾನ್ಯಿಯಂಥ ನೆಲದಡಿಯ ಕೋಣೆಗೆ ತೇವವೇ ದೊಡ್ಡ ಶತ್ರು. ಗೋಡೆಯೊಳಗಿನ ನೀರು ಉಪ್ಪನ್ನು ಹೊತ್ತು ಮೇಲ್ಮೈಗೆ ಬರುತ್ತದೆ, ನೀರು ಆರಿದಾಗ ಉಪ್ಪು ಹರಳುಗಟ್ಟಿ ಬಣ್ಣದ ಪದರವನ್ನೇ ಎಬ್ಬಿಸುತ್ತದೆ. 1994ರಲ್ಲಿ ಮುಗಿದ ಸಂರಕ್ಷಣಾ ಕಾರ್ಯದಿಂದಾಗಿ ಇಂದು ನಮಗೆ ಈ ನೀಲಿ, ಈ ಕಾವಿಗೆಂಪು ಇಷ್ಟು ನಿಚ್ಚಳವಾಗಿ ಕಾಣುತ್ತಿವೆ. ಆ ಸಂರಕ್ಷಕರ ತಾಳ್ಮೆಯ ಬೆಲೆ ತಿಳಿಯಬೇಕಾದರೆ ನೆಲಮಾಳಿಗೆಯ ಪಕ್ಕದಲ್ಲೇ ಇರುವ ಇನ್ನೊಂದು ಕೋಣೆಗೆ ಹೋಗಬೇಕು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಹೆಸರಿನ ಪ್ರಾರ್ಥನಾ ಮಂದಿರ ಅದು. ಅದಕ್ಕೂ ಮೊದಲು ಅಲ್ಲಿ ಮಿತ್ರ ದೇವತೆಯ ಆರಾಧನೆ ನಡೆಯುತ್ತಿತ್ತೆಂದು ಹೇಳುತ್ತಾರೆ. 1170ರಲ್ಲಿ ತನ್ನ ಕೆಥೆಡ್ರಲ್ಲಿನೊಳಗೇ ಕೊಲೆಯಾದ ಬೆಕೆಟ್‌ನನ್ನು 1173ರಲ್ಲಿ ಇಲ್ಲಿಗೆ ಸಮೀಪದ ಸೆನ್ಯಿ ಊರಿನಲ್ಲಿ ಪೋಪ್ ಮೂರನೇ ಅಲೆಕ್ಸಾಂಡರ್ ಸಂತನೆಂದು ಸಾರಿದರು. ಅವನ ಕತೆಯನ್ನು ಬರೆದ ಈ ಗೋಡೆಗಳಲ್ಲಿ ಎಷ್ಟೋ ಕಡೆ ಬಣ್ಣ ಉದುರಿ ಬರಿ ಗಾರೆ ಉಳಿದಿದೆ. ಬಹುಪಾಲು ಪ್ರವಾಸಿಗರು ಬಾಗಿಲಲ್ಲೇ ಇಣುಕಿ ತಿರುಗುತ್ತಾರೆ. ನಿಮ್ಮಲ್ಲಿ ಯಾರಾದರೂ ಅನಾನ್ಯಿಗೆ ಹೋಗುವುದಾದರೆ ಹಾಗೆ ಮಾಡಬೇಡಿ. ಒಳಗೆ ಹೋಗಿ, ಉಳಿದಷ್ಟನ್ನು ನಿಧಾನವಾಗಿ ನೋಡಿ, ಆಮೇಲೆ ಮತ್ತೊಮ್ಮೆ ಆ ಇಬ್ಬರು ವೈದ್ಯರ ಗೋಡೆಯ ಮುಂದೆ ಬಂದು ನಿಲ್ಲಿ.